"ನಾನು ಗೇ ಅಲ್ಲ, ಮದುವೆಯಾಗಿದೆ" ಅನ್ನುವವರ ಹತ್ತಿರ ಎಚ್‌ಐವಿ ಅಪಾಯ ಕೇಳುವುದು ಹೇಗೆ?

ಪಡುಕಡಲು_ಉಡುಪಿ:
ಕುಂದಾಪುರ, ಉಡುಪಿ ಕಡೆ ಪರೀಕ್ಷೆಗೆ ಬರುವ ಗಂಡಸರನ್ನು "ನೀವು ಗೇನಾ?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಹೊಸ ಆಪ್ತಸಮಾಲೋಚಕರಿಗೆ ಏನು ಹೇಳಿಕೊಡುವುದು? ಕಾಂಡೋಮ್ ಹರಿಯಿತು ಅನ್ನುವ ದೂರೂ ತುಂಬ ಉಂಟು, ಯಾಕೆ?

ನೇತ್ರಾವತಿ_ದಡ:
ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಕೋಥಿ (ಗಂಡಸರ ಜೊತೆ ಹೆಚ್ಚಾಗಿ ಹಾಕಿಸಿಕೊಳ್ಳುವವರು), ಡಬಲ್ ಡೆಕ್ಕರ್ (ಎರಡೂ ಮಾಡುವವರು) ಅಂತ ಹೇಳಿಕೊಳ್ಳುವವರು ಸಿಗುತ್ತಾರೆ, ಆದರೆ ಕೋಥಿಗಳು ಪಂಥಿ (ಹಾಕುವವ) ಅನ್ನುವ ಗಂಡಸು ತನಗೆ ಯಾವ ಹೆಸರೂ ಇಟ್ಟುಕೊಂಡಿರುವುದಿಲ್ಲ. ಬಂದ ಎಲ್ಲರಿಗೂ ಒಂದೇ ದನಿಯಲ್ಲಿ ಕೇಳಿ: "ಕಳೆದ ಆರು ತಿಂಗಳಲ್ಲಿ ಯಾರ ಜೊತೆ ಆಗಿದೆ? ಹೆಂಡತಿ, ಬೇರೆ ಹೆಂಗಸರು, ಗಂಡಸರು, ಮಂಗಳಮುಖಿಯರು?" ಆಮೇಲೆ ಬಾಯಿಯಲ್ಲೋ ಗುದದಲ್ಲೋ, ಕೊಟ್ಟದ್ದೋ (ಹಾಕಿದ್ದು) ತಗೊಂಡದ್ದೋ (ಹಾಕಿಸಿಕೊಂಡದ್ದು), ಕೊನೆಯ ಸಲ ಕಾಂಡೋಮ್ ಇತ್ತೋ.

ಕೊಟ್ಟದ್ದೋ ತಗೊಂಡದ್ದೋ ಅನ್ನುವುದನ್ನು ಮಾತ್ರ ನಾಚಿಕೆಯಿಂದ ಬಿಡಬೇಡಿ. ಚಿಕಿತ್ಸೆಯಲ್ಲಿಲ್ಲದ ಸೋಂಕಿತರೊಂದಿಗೆ ಕಾಂಡೋಮ್ ಇಲ್ಲದ ಗುದ ಸಂಭೋಗದಲ್ಲಿ, ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜಿನಂತೆ, 10,000 ಸಲಕ್ಕೆ ತಗೊಳ್ಳುವವರಿಗೆ 138, ಕೊಡುವವರಿಗೆ 11 ಸೋಂಕು. ಸೋಂಕಿರುವ ಹೆಂಗಸಿನ ಜೊತೆ ಯೋನಿ ಸಂಭೋಗವಾದರೆ ಗಂಡಸಿಗೆ 4. "ನಾನು ಮೇಲಿನವ, ಕೊಡುವವ, ನನಗೇನೂ ಆಗುವುದಿಲ್ಲ" ಅನ್ನುವವರಿಗೆ ಈ ಲೆಕ್ಕವನ್ನೇ ಹೇಳಿ.

ಜೆಲ್_ಮರೆಯಬೇಡಿ:
ಹರಿಯಲು ನಮ್ಮೂರಲ್ಲಿ ದೊಡ್ಡ ಕಾರಣ ತೆಂಗಿನೆಣ್ಣೆ. ಎಣ್ಣೆ, ವ್ಯಾಸಲಿನ್, ಬಾಡಿ ಲೋಷನ್ ಯಾವುದು ತಾಗಿದರೂ ಲ್ಯಾಟೆಕ್ಸ್ ನಿಮಿಷಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ಎಂಜಲು ಬೇಗ ಒಣಗಿ ಉಜ್ಜಾಟ ಹೆಚ್ಚುತ್ತದೆ. ನೀರಿನ ಅಥವಾ ಸಿಲಿಕೋನ್ ಜೆಲ್ ಮಾತ್ರ, ಅದೂ ಧಾರಾಳವಾಗಿ, ಒಣಗಿದರೆ ಮತ್ತೆ. ತುದಿ ಹಿಂಡಿ ಗಾಳಿ ತೆಗೆಯಬೇಕು. ಎರಡು ಕಾಂಡೋಮ್ ಒಟ್ಟಿಗೆ ಬೇಡ. ಸ್ಕೂಟರಿನ ಸೀಟಿನಡಿ ಬಿಸಿಲಿಗೆ ಬೆಂದದ್ದನ್ನು ಬಿಸಾಡಿ.

ಹರಿದರೆ 72 ಗಂಟೆಯೊಳಗೆ ಪೆಪ್ (ಎಚ್ಐವಿ ಅಂಟದಂತೆ ತಡೆಯುವ ಮಾತ್ರೆ) ಶುರುವಾಗಬೇಕು, ಬೇಗವಾದಷ್ಟೂ ಒಳ್ಳೆಯದು. ಟಿನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ಶನಿವಾರ ರಾತ್ರಿಯಾದರೆ ಸೋಮವಾರದ ಒಪಿಡಿಗೆ ಕಾಯಬೇಡಿ, ಕ್ಯಾಶುವಲ್ಟಿಗೆ ಹೋಗಿ. ಸರಕಾರಿ ಕಡೆ ಸಿಗದಿದ್ದರೆ ಫಿಸಿಷಿಯನ್ ಹತ್ತಿರ ಚೀಟಿ ಬರೆಸಿ ಹೊರಗೆ ಕೊಳ್ಳಿ. ಆರಂಭಕ್ಕೆ ಮೊದಲು ಹೆಪಟೈಟಿಸ್ ಬಿ, ಕಿಡ್ನಿ ತೊಂದರೆ ಇದ್ದರೆ ಹೇಳಲೇಬೇಕು.

ಪಡುಕಡಲು_ಉಡುಪಿ:
ಪರೀಕ್ಷೆ ಯಾವಾಗ? ಹೆಂಡತಿಗೆ ಗೊತ್ತಾಗುತ್ತದೆ ಅಂತ ಓಡಿಹೋಗುವವರಿಗೆ ಏನು ಹೇಳುವುದು?

ನೇತ್ರಾವತಿ_ದಡ:
ರ್‍ಯಾಪಿಡ್ ಟೆಸ್ಟ್ ಹಿಡಿಯುವುದು ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವವು), ಅವು ಕಾಣಿಸಲು 23ರಿಂದ 90 ದಿನ ಬೇಕು. ಮರುದಿನದ ನೆಗೆಟಿವ್‌ನಿಂದ ಮೊನ್ನೆಯ ಘಟನೆಯ ಬಗ್ಗೆ ಏನೂ ಗೊತ್ತಾಗದು. ಈಗೊಮ್ಮೆ, 6 ವಾರಕ್ಕೆ, 3 ತಿಂಗಳಿಗೆ ಮಾಡಿಸಿ. ಸಿಫಿಲಿಸ್ ರಕ್ತಪರೀಕ್ಷೆಯೂ ಜೊತೆಗಿರಲಿ. ಗುದದಲ್ಲಿರುವ ಗೊನೋರಿಯಾ ಮೂತ್ರಪರೀಕ್ಷೆಯಲ್ಲಿ ಕಾಣುವುದಿಲ್ಲ, ಹಲವರಿಗೆ ಲಕ್ಷಣವೂ ಇರುವುದಿಲ್ಲ.

ಗುರುತಿನವರ ಕಣ್ಣಿಗೆ ಬೀಳುವ ಹೆದರಿಕೆಯಾದರೆ ಉಡುಪಿಯವರು ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್‌ಗೆ, ಮಂಗಳೂರಿನವರು ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗೆ ಹೋಗಬಹುದು. 2017ರ ಎಚ್‌ಐವಿ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಹೊರಗೆ ಹೇಳುವಂತಿಲ್ಲ. ಪಾಸಿಟಿವ್ ಬಂದವರು ಹೆಂಡತಿಗೆ ತಾವೇ ತಿಳಿಸಲಿ ಅಂತ ಮೊದಲು ಆಪ್ತಸಮಾಲೋಚನೆ. ಅವರು ತಿಳಿಸುವುದೇ ಇಲ್ಲ, ಆಕೆಗೆ ಅಪಾಯವಿದೆ ಅಂತ ಖಚಿತವಾದರೆ ಮಾತ್ರ ವೈದ್ಯರು ಅಥವಾ ಆಪ್ತಸಮಾಲೋಚಕರು ಹೇಳಬಹುದು, ಅದೂ ಆ ಗಂಡನಿಗೆ ಮುಂಚೆ ತಿಳಿಸಿ. ಇದನ್ನು ರಕ್ತ ತೆಗೆಯುವ ಮೊದಲೇ ಬಿಡಿಸಿ ಹೇಳಿ. ಫೋನಲ್ಲೇ ಕೇಳಬೇಕೆಂದರೆ ಏಡ್ಸ್ ಸಹಾಯವಾಣಿ 1097, ಉಚಿತ.