ಅಪ್‌ಡೇಟ್: ಗಣೇಶಗುಡಿ, ಆಮೇಲೆ ಅಘನಾಶಿನಿ

ಜನವರಿಯಲ್ಲಿ ಘಟ್ಟದ ಕಾಡು, ಕರಾವಳಿ ಎರಡೂ ಸೇರಿಸಿ ಹಕ್ಕಿ ನೋಡಲು ಎಲ್ಲಿಗೆ ಹೋಗಲಿ ಅಂತ ಕೇಳಿದ್ದೆ. ನೀವು ಹೇಳಿದ ಉತ್ತರ ಕನ್ನಡವೇ ಗಟ್ಟಿಯಾಯಿತು.

ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಹಕ್ಕಿಗಳ ಸ್ನಾನಕ್ಕೆಂದೇ ನೀರಿನ ತೊಟ್ಟಿ ಇಟ್ಟಿದ್ದಾರೆ, ಸುಮ್ನೆ ಕೂತರೆ ಸಾಕು. ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಬಂತು! ಅಂಚಿನಲ್ಲಿ ನಿಂತು ಮೊಂಡು ಬಾಲ ಕುಣಿಸಿತು, ಮುಳುಗೆದ್ದು ಹಸಿರು ರೆಕ್ಕೆ ಕೊಡವಿ ಪೊದೆಗೆ ನುಗ್ಗಿತು. ಮಲಬಾರ್ ಬೂದು ಮಂಗಟ್ಟೆಯಂತೂ ಹುಚ್ಚು ನಗುವಿನ ಹಾಗೆ ಕೂಗುತ್ತಲೇ ಇತ್ತು. ಕುಳ್ಳ ಮಿಂಚುಳ್ಳಿ ಬೇಕಿದ್ದರೆ ಮಳೆಗಾಲದಲ್ಲಿ ಹೋಗಿ.

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ಮಾತ್ರ ಸಮುದ್ರದ ಇಳಿತದ ಹೊತ್ತು ನೋಡಿಕೊಂಡೇ ಹೊರಡಿ. ಕೆಸರು ಬಯಲಾದಾಗಲೇ ವಲಸೆ ಹಕ್ಕಿಗಳು ಮೇಯಲು ಇಳಿಯೋದು. ಭರತದಲ್ಲಿ, ಅಂದರೆ ನೀರು ಏರಿದಾಗ ಹೋದರೆ ಬರೀ ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಅಷ್ಟೇ. ದೂರ ಜಾಸ್ತಿ, ಬೈನಾಕ್ಯುಲರ್ ಸಾಲದು. ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ಪುಟ್ಟ ದೂರದರ್ಶಕ) ಇರುವ ಗೆಳೆಯರನ್ನು ಎಳೆದುಕೊಂಡು ಹೋಗಿ.