ಲೋರಿಕೀಟ್‌ಗಳ ಮಕರಂದದ ಆಹಾರ: ಮುಂಬೈ ಮಳೆಗಾಲದಲ್ಲಿ ಏನು ಕೊಡಬೇಕು, ಎಷ್ಟು ಹೊತ್ತು ಇಡಬಹುದು?

ಪ್ರಶ್ನೆ (ಡೊಂಬಿವಲಿ ಪೂರ್ವದಿಂದ)

ಎಲ್ಲರಿಗೂ ನಮಸ್ಕಾರ. ವಾಶಿಯಲ್ಲಿದ್ದ ನನ್ನ ಸೋದರಮಾವನವರು ನಿವೃತ್ತರಾಗಿ ಧಾರವಾಡಕ್ಕೆ ಹೊರಟಾಗ, ತಾವು ಸಾಕಿಕೊಂಡಿದ್ದ ರೇನ್‌ಬೋ ಲೋರಿಕೀಟ್ (ಮಕರಂದ ತಿನ್ನುವ ಬಣ್ಣದ ಗಿಳಿ) ಜೋಡಿಯನ್ನು ನಮಗೆ ಒಪ್ಪಿಸಿ ಹೋದರು. ನಮ್ಮ ಮನೆಯ ಹಿಂದಿನ ಬಾಲ್ಕನಿಗೆ ಜಾಲರಿ ಹಾಕಿಸಿ, ಹಕ್ಕಿಗಳು ರೆಕ್ಕೆ ಬಿಚ್ಚಿ ಹಾರಾಡುವಷ್ಟು ಜಾಗ ಮಾಡಿಕೊಟ್ಟಿದ್ದೇವೆ. ಮಾವ ದಿನವೂ ಬೆಳಿಗ್ಗೆ ಎಳೆಯ ಮಕ್ಕಳಿಗೆ ಕೊಡುವ ಗೋಧಿ-ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಜೇನುತುಪ್ಪ ಬೆರೆಸಿ, ಸಂಜೆಯವರೆಗೆ ಅದನ್ನೇ ಇಡುತ್ತಿದ್ದರಂತೆ. ನಾವೂ ಅದನ್ನೇ ಮುಂದುವರಿಸಿದ್ದೇವೆ. ಆದರೆ ಮಳೆ ಹಿಡಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಬಟ್ಟಲಿನಿಂದ ಹುಳಿ ವಾಸನೆ ಬರುತ್ತಿದೆ. ಇರುವೆಯ ಸಾಲಂತೂ ತಪ್ಪುವುದೇ ಇಲ್ಲ.

ಅಂಗಡಿಯ ಪುಡಿಗಿಂತ ರಾಗಿ ಮಾಲ್ಟ್‌ಗೆ ಬೆಲ್ಲ ಹಾಕಿ ಕೊಟ್ಟರೆ ಹಕ್ಕಿಗಳು ಗಟ್ಟಿಯಾಗುತ್ತವೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇದು ಸರಿಯೇ? ಎರಡನೆಯದಾಗಿ, ಇವುಗಳ ಹಿಕ್ಕೆ ಯಾವಾಗಲೂ ನೀರಿನಂತಿದ್ದು, ಗೋಡೆಯವರೆಗೆ ಚಿಮ್ಮುತ್ತದೆ. ಇದನ್ನು ಭೇದಿ ಎಂದು ತಿಳಿಯಬೇಕೇ? ಮತ್ತೊಂದು ಸಣ್ಣ ಸಂಗತಿ: ಬಾಲ್ಕನಿಯ ದಾಸವಾಳಕ್ಕೆ ಸೂರಕ್ಕಿಗಳು ಬರುತ್ತವೆ. ಉಳಿದ ಮಕರಂದವನ್ನು ಅವುಗಳಿಗೆಂದು ಹೊರಗಿಡಬಹುದೇ? ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲಿನಲ್ಲಿ ಮನೆಯಲ್ಲಿ ಅತ್ತೆಯವರು ಮಾತ್ರ ಇರುತ್ತಾರೆ ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಪುಣೆ, ಕೋಥ್ರೂಡ್‌ನಿಂದ)

ನಿಮ್ಮ ಅತ್ತೆಯವರ ಸಲಹೆಯ ಹಿಂದಿರುವ ಕಾಳಜಿ ಅರ್ಥವಾಗುತ್ತದೆ. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಮಗುವಿಗೆ ಮೊದಲು ಕೊಡುವುದು ರಾಗಿಯನ್ನೇ. ಆದರೂ ಲೋರಿಗಳ (ನಿಮ್ಮ ಲೋರಿಕೀಟ್‌ಗಳೂ ಇದೇ ಬಳಗದವು) ವಿಷಯದಲ್ಲಿ ರಾಗಿ, ಬೆಲ್ಲ, ಮಕ್ಕಳ ಪುಡಿ ಮೂರನ್ನೂ ಬಿಡಬೇಕೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕಾರಣ ಕಬ್ಬಿಣದ ಅಂಶ.

ಈ ಹಕ್ಕಿಗಳು ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೋನೇಷ್ಯಾದ ದ್ವೀಪಗಳಲ್ಲಿ ಹೂವಿನ ಮಕರಂದ, ಪರಾಗ ಮತ್ತು ಮೆತ್ತಗಿನ ಹಣ್ಣುಗಳನ್ನು ತಿಂದು ಬದುಕುವಂಥವು. ನಿಮ್ಮ ಹಕ್ಕಿ ಬಟ್ಟಲಿಗೆ ಬಾಗಿದಾಗ ಹತ್ತಿರದಿಂದ ನೋಡಿ: ನಾಲಗೆಯ ತುದಿ ಅರಳಿಕೊಂಡು, ಅದರ ಮೇಲೆ ಸಣ್ಣ ಕುಂಚದಂತೆ ಎಳೆಗಳು ಎದ್ದು ನಿಲ್ಲುತ್ತವೆ. ಆ ಎಳೆಗಳಿಂದಲೇ ಅದು ಮಕರಂದವನ್ನೂ ಪರಾಗವನ್ನೂ ಒರೆಸಿ ತೆಗೆಯುತ್ತದೆ. ಕಾಳು ತಿನ್ನುವ ಗಿಳಿಗಳಲ್ಲಿ ಆಹಾರವನ್ನು ಅರೆಯುವ ಗಿಜರ್ಡ್ ಎಂಬ ಜಠರಭಾಗ ದಪ್ಪ ಸ್ನಾಯುಗಳಿಂದ ಕೂಡಿರುತ್ತದೆ. ಲೋರಿಗಳಲ್ಲಿ ಅದು ತೆಳುವಾಗಿ, ದುರ್ಬಲವಾಗಿರುತ್ತದೆ. ಆದ್ದರಿಂದ ಅಂಗಡಿಯವರು ಸೂರ್ಯಕಾಂತಿ ಬೀಜವನ್ನು ಸೂಚಿಸಿದರೂ ಅದನ್ನು ಮುಖ್ಯ ಆಹಾರವಾಗಿ ಕೊಡಬೇಡಿ.

ಈಗ ಕಬ್ಬಿಣದ ಮಾತಿಗೆ ಬರುತ್ತೇನೆ. ಸಹಜವಾಗಿ ಇವು ತಿನ್ನುವ ಆಹಾರದಲ್ಲಿ ಕಬ್ಬಿಣ ಬಹಳ ಕಡಿಮೆ. ಹಾಗಾಗಿ ದೊರೆತ ಅಲ್ಪ ಕಬ್ಬಿಣವನ್ನು ಬಿಡದೆ ಹೀರಿಕೊಳ್ಳುವಂತೆ ಅವುಗಳ ದೇಹ ಒಗ್ಗಿದೆಯೆಂದು ತಿಳಿಯಲಾಗಿದೆ. ಹೆಚ್ಚಾದುದನ್ನು ಹೊರಹಾಕುವ ದಾರಿ ಮಾತ್ರ ಅವುಗಳಿಗಿಲ್ಲ. ಕಬ್ಬಿಣ ತುಂಬಿದ ಆಹಾರವನ್ನು ವರ್ಷಗಟ್ಟಲೆ ಕೊಟ್ಟರೆ ಅದು ಯಕೃತ್ತಿನಲ್ಲಿ ಶೇಖರವಾಗುತ್ತ ಹೋಗುತ್ತದೆ. ಹೀಮೋಕ್ರೊಮಟೋಸಿಸ್ ಎಂದು ವೈದ್ಯರು ಕರೆಯುವ ಈ ಕಾಯಿಲೆ ಮೈನಾ ಮತ್ತು ಟೂಕನ್ ಹಕ್ಕಿಗಳಲ್ಲಿ ಹೆಚ್ಚು ಪ್ರಸಿದ್ಧ. ಗಿಳಿಗಳ ಬಳಗದಲ್ಲಿ ಲೋರಿಗಳು ಇದಕ್ಕೆ ವಿಶೇಷವಾಗಿ ಈಡಾಗುತ್ತವೆ. ಇದರ ಕ್ರೌರ್ಯವೆಂದರೆ, ಹೊರಗಿನಿಂದ ಹಕ್ಕಿ ಬಹುಕಾಲ ಚೆನ್ನಾಗಿಯೇ ಕಾಣುತ್ತದೆ. ಹೊಟ್ಟೆ ಉಬ್ಬಿ, ಉಸಿರಾಟ ಕಷ್ಟವಾಗಿ, ತೂಕ ಇಳಿಯುವ ವೇಳೆಗೆ ಯಕೃತ್ತು ಸಾಕಷ್ಟು ಹಾಳಾಗಿರುತ್ತದೆ. ಸ್ವಲ್ಪ ಸ್ವಲ್ಪ ರಕ್ತ ತೆಗೆಯುವ ಅಥವಾ ಕಬ್ಬಿಣವನ್ನು ಹಿಡಿದು ಹೊರತರುವ ಔಷಧಿ ಕೊಡುವ ಚಿಕಿತ್ಸೆಗಳಿವೆಯಾದರೂ, ಅಂಗೈಯಗಲದ ಹಕ್ಕಿಗೆ ಅವುಗಳನ್ನು ಮಾಡುವುದು ಸುಲಭವಲ್ಲ.

ಮಕ್ಕಳ ಧಾನ್ಯದ ಪುಡಿಗಳಿಗೆ ಕಬ್ಬಿಣವನ್ನು ಬೇಕೆಂದೇ ಸೇರಿಸಿರುತ್ತಾರೆ. ಮಗುವಿಗೆ ಅದು ವರ, ಲೋರಿಗೆ ಅದೇ ಅಪಾಯ. ಡಬ್ಬಿಯ ಹಿಂಬದಿಯ ಪಟ್ಟಿಯನ್ನು ಓದಿ ನೀವೇ ಲೆಕ್ಕ ಹಾಕಬಹುದು. ಕಬ್ಬಿಣಕ್ಕೆ ಸೂಕ್ಷ್ಮವಾದ ಹಕ್ಕಿಗಳ ಒಣ ಆಹಾರದಲ್ಲಿ ಒಂದು ಕಿಲೋಗೆ 100 ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣವಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಅರ್ಧಕ್ಕಿಳಿದರೆ ಇನ್ನೂ ಒಳ್ಳೆಯದು. ಡಬ್ಬಿಗಳ ಮೇಲೆ 100 ಗ್ರಾಂಗೆ ಇಷ್ಟು ಎಂದು ಬರೆದಿರುವುದರಿಂದ ಅದನ್ನು ಹತ್ತರಿಂದ ಗುಣಿಸಿ. 100 ಗ್ರಾಂಗೆ 10 ಮಿಲಿಗ್ರಾಂ ಎಂದಿದ್ದರೆ ಆಗಲೇ ಮಿತಿಗೆ ಬಂದು ಮುಟ್ಟಿದಂತಾಯಿತು. ಲೋರಿಗಳಿಗೆಂದೇ ತಯಾರಾದ ಮಕರಂದದ ಪುಡಿಯನ್ನು ಕೊಳ್ಳುವಾಗಲೂ ಇದೇ ಲೆಕ್ಕವನ್ನು ಮಾಡಿ, ಏಕೆಂದರೆ ಕಬ್ಬಿಣದ ಪ್ರಮಾಣವನ್ನೇ ನಮೂದಿಸದ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ. ನಾನು ಅಂಥವನ್ನು ಕೊಳ್ಳುವುದಿಲ್ಲ.

ವಿಟಮಿನ್ ಸಿ ದೇಹ ಕಬ್ಬಿಣವನ್ನು ಹೀರಿಕೊಳ್ಳುವುದನ್ನು ಹೆಚ್ಚಿಸುತ್ತದೆ. ಆದ್ದರಿಂದ ಕಿತ್ತಳೆ, ಮೋಸಂಬಿ, ಸೀಬೆಹಣ್ಣುಗಳನ್ನು ಮಕರಂದದ ಜೊತೆಗೆ ಕೊಡದಿರುವುದು ಲೇಸು. ಬೀಜ ತೆಗೆದ ಸೇಬು, ಪೇರ್, ದ್ರಾಕ್ಷಿ ನಡೆಯುತ್ತವೆ. ಬೆಣ್ಣೆಹಣ್ಣನ್ನು, ಅಂದರೆ ಅವಕಾಡೊವನ್ನು, ಒಂದು ಚೂರೂ ಕೊಡಬಾರದು. ಅದು ಹಕ್ಕಿಗಳಿಗೆ ವಿಷ. ಮನುಷ್ಯರ ಟಾನಿಕ್ ಹನಿಗಳನ್ನು ನೀರಿಗೆ ಬೆರೆಸುವ ಅಭ್ಯಾಸ ಕೆಲವರಲ್ಲಿದೆ. ಅವುಗಳಲ್ಲಿಯೂ ಅನೇಕ ವೇಳೆ ಕಬ್ಬಿಣವಿರುತ್ತದೆ.

ಉತ್ತರ 2 (ಮುಂಬೈ, ಮುಲುಂಡ್‌ನಿಂದ)

ಕೋಥ್ರೂಡ್‌ನ ಗೆಳೆಯರು ಆಹಾರದ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿದ್ದಾರೆ. ಮೊದಲ ಮೆಟ್ಟಿಲು ಅದೇ ಹೌದಾದರೂ, ಮುಂಬೈಯ ಮಳೆಗಾಲದಲ್ಲಿ ಲೋರಿಕೀಟ್‌ಗಳನ್ನು ಮೊದಲು ಕಾಡುವುದು ಕಬ್ಬಿಣವಲ್ಲ, ಕೆಟ್ಟ ಮಕರಂದ. ಕಬ್ಬಿಣ ವರ್ಷಗಳ ಮೇಲೆ ಕೊಲ್ಲುತ್ತದೆ; ಹುಳಿತ ಬಟ್ಟಲು ಒಂದೇ ದಿನದಲ್ಲಿ ಕೊಲ್ಲಬಲ್ಲದು. ಸಕ್ಕರೆ ಮತ್ತು ಪ್ರೋಟೀನ್ ಬೆರೆತ ನೀರು ನಮ್ಮ ಸೆಕೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳಿಗೆ ಹೇಳಿ ಮಾಡಿಸಿದ ಜಾಗ. ಕ್ಯಾಂಡಿಡಾ ಎಂಬ ಯೀಸ್ಟ್ ಬಾಯಿಯಲ್ಲೂ ಗಂಟಲ ಚೀಲದಲ್ಲೂ ಬಿಳಿಯ ಪದರವಾಗಿ ಬೆಳೆಯುತ್ತದೆ. ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಕರುಳಿನ ಒಳಪದರವನ್ನೇ ಕೊಳೆಯಿಸುತ್ತದೆ; ಲೋರಿಕೀಟ್‌ಗಳ ಹಠಾತ್ ಸಾವಿಗೆ ಅದು ಒಂದು ಕಾರಣ. ಜೇನುತುಪ್ಪದಲ್ಲಿ ಈ ಬ್ಯಾಕ್ಟೀರಿಯಾ ಕುಲದ ಬೀಜಾಣುಗಳಿರುವ ಸಾಧ್ಯತೆಯಿದೆ, ನೀರು ಬೆರೆಸಿದೊಡನೆ ಅದು ಬೇಗ ಹುದುಗುತ್ತದೆ ಎಂಬ ಎರಡು ಕಾರಣಗಳಿಂದ ನಾನು ಜೇನನ್ನು ಬಳಸುವುದಿಲ್ಲ.

ಬೆಳಿಗ್ಗೆ ಇಟ್ಟ ಮಕರಂದವನ್ನು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಬಿಡಬೇಡಿ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಇಟ್ಟ ಎರಡೇ ಗಂಟೆಯೊಳಗೆ ತೆಗೆಯಿರಿ. ನೀವು ಹೊರಡುವ ಮುನ್ನ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ತಾಜಾ ಮಕರಂದ ಕಲಸಿ ಕೊಟ್ಟು, ನಡುವಿನ ಹೊತ್ತಿಗೆ ಅದೇ ಲೋರಿ ಪುಡಿಯನ್ನು ಒಣದಾಗಿ ಒಂದು ಚಿಕ್ಕ ಬಟ್ಟಲಿನಲ್ಲಿ ಇಡುವುದು ನಿಮ್ಮಂಥ ಮನೆಗೆ ಹೊಂದುವ ಏರ್ಪಾಡು. ಒಣ ಪುಡಿ ಅಷ್ಟು ಬೇಗ ಕೆಡುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಶುದ್ಧ ನೀರು ಸದಾ ಇರಲೇಬೇಕು, ಮತ್ತು ಹಕ್ಕಿಗಳು ಬಾಯಲ್ಲಿ ಪುಡಿ ತಂದು ನೀರಿಗೆ ಹಾಕುವುದರಿಂದ ನೀರನ್ನೂ ಮಧ್ಯಾಹ್ನ ಬದಲಿಸಬೇಕು. ಬೆಳಗಿನ ಬಟ್ಟಲನ್ನು ಹನ್ನೆರಡರೊಳಗೆ ತೆಗೆಯುವ ಕೆಲಸವೊಂದನ್ನು ಅತ್ತೆಯವರು ವಹಿಸಿಕೊಂಡರೆ ಸಾಕು.

ಬಟ್ಟಲುಗಳು ಸ್ಟೀಲಿನವಾಗಿರಲಿ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಜಿಗುಟು ಉಳಿದುಕೊಳ್ಳುತ್ತದೆ. ಎರಡು ಮೂರು ಜೊತೆ ಇಟ್ಟುಕೊಂಡು, ಬಿಸಿನೀರು ಮತ್ತು ಪಾತ್ರೆ ಸೋಪಿನಲ್ಲಿ ಉಜ್ಜಿ, ಪೂರ್ತಿ ಒಣಗಿದವನ್ನು ಮಾತ್ರ ಮತ್ತೆ ಬಳಸಿ. ಇರುವೆಗಳಿಗೆ ನಮ್ಮ ಅಜ್ಜಿಯರು ತುಪ್ಪದ ಗಡಿಗೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದ ಉಪಾಯವೇ ಸಾಕು. ಬಟ್ಟಲಿಡುವ ಪೀಠವನ್ನು ಅಗಲವಾದ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಇರುವೆ ಕೊಲ್ಲುವ ಸೀಮೆಸುಣ್ಣ, ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ ಯಾವುದನ್ನೂ ಆ ಬಾಲ್ಕನಿಯ ಹತ್ತಿರ ತರಬೇಡಿ. ಅಡುಗೆಮನೆ ಪಕ್ಕದಲ್ಲಿದ್ದರೆ ನಾನ್‌ಸ್ಟಿಕ್ ತವೆಯನ್ನು ಖಾಲಿ ಕಾಯಲು ಬಿಡಬಾರದು. ಅತಿಯಾಗಿ ಕಾದಾಗ ಅದರಿಂದ ಹೊರಡುವ ಹೊಗೆ ಹಕ್ಕಿಗಳ ಶ್ವಾಸಕೋಶವನ್ನು ಕೆಲವೇ ನಿಮಿಷಗಳಲ್ಲಿ ಹಾಳುಮಾಡುತ್ತದೆ.

ಜಾಲರಿಯ ವಿಷಯವನ್ನೂ ಹೇಳಬೇಕು. ಹೊಸ ಸತುಲೇಪಿತ ಜಾಲರಿಯಾಗಿದ್ದರೆ ಅದರ ಮೇಲೆ ಉದುರುವ ಬಿಳಿಯ ಪುಡಿ ಮತ್ತು ಸತುವಿನ ಹನಿಗಳನ್ನು ವಿನೆಗರ್ ಮತ್ತು ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಏಕೆಂದರೆ ಇವು ಕೊಕ್ಕಿನಿಂದ ಜಾಲರಿಯನ್ನು ಕಚ್ಚುತ್ತಲೇ ಇರುತ್ತವೆ ಮತ್ತು ಸತುವು ಹೊಟ್ಟೆ ಸೇರಿದರೆ ವಿಷವಾಗುತ್ತದೆ. ಇರಚಲು ಬಡಿಯುವ ಬದಿಗೆ ಮಾತ್ರ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ, ಇನ್ನೊಂದು ಬದಿಯಿಂದ ಗಾಳಿ ಆಡುವಂತೆ ನೋಡಿಕೊಳ್ಳಿ. ಎಲ್ಲವನ್ನೂ ಮುಚ್ಚಿಬಿಟ್ಟರೆ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ಹಕ್ಕಿಗಳ ಶ್ವಾಸಕೋಶಕ್ಕೆ ಬರುವ ಆಸ್ಪರ್ಜಿಲ್ಲೋಸಿಸ್ ಗುಣವಾಗುವುದು ಬಹಳ ನಿಧಾನ. ಸ್ನಾನವೆಂದರೆ ಇವುಗಳಿಗೆ ಪ್ರಾಣ. ರಾತ್ರಿಯೊಳಗೆ ಗರಿ ಒಣಗುವಂತೆ ಬೆಳಗಿನ ಹೊತ್ತಿನಲ್ಲೇ ನೀರಿನ ತಟ್ಟೆ ಇಡಿ.

ಉತ್ತರ 3 (ಗೋವಾ, ವಾಸ್ಕೋದಿಂದ)

ಹಿಕ್ಕೆಯ ಬಗ್ಗೆ ಗಾಬರಿಯಾಗಬೇಡಿ. ದ್ರವಾಹಾರ ತಿನ್ನುವ ಹಕ್ಕಿಯ ಹಿಕ್ಕೆ ನೀರಾಗಿಯೇ ಇರುತ್ತದೆ, ಮತ್ತು ಲೋರಿಗಳು ಅದನ್ನು ದೂರಕ್ಕೆ ಚಿಮ್ಮಿಸುತ್ತವೆ. ಗೋಡೆಗೆ ಒರೆಸಬಹುದಾದ ಅಕ್ರಿಲಿಕ್ ಹಾಳೆಯನ್ನು ಹಾಕಿಸಿ. ದುರ್ವಾಸನೆ, ರಕ್ತದ ಅಂಶ, ಜೊತೆಗೆ ಗರಿ ಉಬ್ಬಿಸಿಕೊಂಡು ಮಂಕಾಗಿ ಕೂರುವುದು ಕಂಡರೆ ಮಾತ್ರ ಅದೇ ದಿನ ಪಕ್ಷಿಗಳನ್ನು ನೋಡುವ ವೈದ್ಯರಲ್ಲಿಗೆ ಒಯ್ಯಿರಿ, ಮರುದಿನದವರೆಗೆ ಕಾಯಬಾರದು.

ಸೂರಕ್ಕಿಗಳಿಗೆ ಉಳಿದ ಮಕರಂದವನ್ನು ಇಡಬೇಡಿ. ಉಳಿದದ್ದು ಆಗಲೇ ಕೆಡತೊಡಗಿರುತ್ತದೆ, ಜೊತೆಗೆ ಕಾಡಿನ ಹಕ್ಕಿಗೂ ಸಾಕಿದ ಹಕ್ಕಿಗೂ ಒಂದೇ ಬಟ್ಟಲಾದರೆ ರೋಗ ಎರಡೂ ಕಡೆಗೆ ದಾಟಬಹುದು. ಸೂರಕ್ಕಿ ಬರೀ ಮಕರಂದದ ಮೇಲೆ ಬದುಕುವುದಿಲ್ಲ, ಜೇಡ ಮತ್ತು ಸಣ್ಣ ಕೀಟಗಳೂ ಅದಕ್ಕೆ ಬೇಕು. ಮರಿಗಳಿಗಂತೂ ಕೀಟಗಳೇ ಆಹಾರ. ಔಷಧಿ ಸಿಂಪಡಿಸದ ದಾಸವಾಳದ ಗಿಡ ಅವೆಲ್ಲವನ್ನೂ ಒದಗಿಸುತ್ತದೆ. ಅಂಥ ದಾಸವಾಳದ ಹೂವನ್ನು ನಿಮ್ಮ ಲೋರಿಕೀಟ್‌ಗಳಿಗೂ ಕೊಡಬಹುದು. ಬಾಟಲ್‌ಬ್ರಷ್ ಹೂವಂತೂ ಅವುಗಳ ತವರಿನದೇ. ಕಣಗಿಲೆ ಮಾತ್ರ ಬೇಡ, ಅದು ವಿಷ.

ಯಾರೂ ಎತ್ತದ ಇನ್ನೊಂದು ವಿಷಯವಿದೆ. ಕೆಲವೇ ಜಾತಿಗಳನ್ನು ಬಿಟ್ಟರೆ ಗಿಳಿಗಳೆಲ್ಲವೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಲೋರಿಕೀಟ್ ಕೂಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಅಂಥ ಜೀವಿಗಳು ನಾಲ್ಕನೆಯ ಅನುಸೂಚಿಗೆ ಸೇರಿದವು, 2024ರ ನಿಯಮಗಳ ಪ್ರಕಾರ ಅವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಕೊಟ್ಟದ್ದು, ಮರಿಯಾದದ್ದು, ಸತ್ತದ್ದು ಎಲ್ಲವನ್ನೂ ಅಲ್ಲಿಯೇ ತಿಳಿಸಬೇಕಾಗುತ್ತದೆ. ನಿಮ್ಮ ಮಾವನವರು ನೋಂದಾಯಿಸಿದ್ದರೇ ಎಂದು ಇಂದೇ ವಿಚಾರಿಸಿ, ಅವರ ಹೆಸರಿನಿಂದ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ನೋಂದಣಿ ಆಗಿಲ್ಲವಾದರೆ ಠಾಣೆ ನಗರದಲ್ಲಿರುವ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮುಂದಿನ ದಾರಿ ಕೇಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಡಬ್ಬಿಯ ಪಟ್ಟಿಯನ್ನು ಅತ್ತೆಯವರ ಎದುರಿನಲ್ಲೇ ಓದಿ ಲೆಕ್ಕ ಹಾಕಿದೆವು. ಹನ್ನೆರಡರೊಳಗೆ ಬಟ್ಟಲು ತೆಗೆಯುವುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಮಾವನವರು ನೋಂದಣಿ ಮಾಡಿಸಿದ್ದಾರೆ. ವರ್ಗಾವಣೆಯ ಕೆಲಸ ಆರಂಭಿಸಿದ್ದೇವೆ. ಆದರೆ ಹೊಸ ಲೋರಿ ಪುಡಿಯನ್ನು ಕಲಸಿಟ್ಟರೆ ಹೆಣ್ಣು ಹಕ್ಕಿ ಮೂಸಿಯೂ ನೋಡುತ್ತಿಲ್ಲ. ಹಸಿವಾದಾಗ ತಾನಾಗಿ ತಿನ್ನುತ್ತದೆಂದು ಬಿಟ್ಟುಬಿಡಬಹುದೇ?

ಉತ್ತರ 1ರವರಿಂದ ಮತ್ತೆ

ಖಂಡಿತ ಹಾಗೆ ಬಿಡಬೇಡಿ. ಲೋರಿಗಳ ದೇಹದಲ್ಲಿ ಎಲ್ಲವೂ ವೇಗ. ಆಹಾರ ಬೇಗ ಕರಗುತ್ತದೆ, ಹಸಿವೂ ಬೇಗ ಸೊರಗಿಸುತ್ತದೆ. ಹಳೆಯ ಮಿಶ್ರಣದಲ್ಲಿ ಜೇನನ್ನು ಮೊದಲು ಬಿಟ್ಟು, ಅದರ ಕಾಲುಭಾಗ ಹೊಸ ಪುಡಿ ಸೇರಿಸಿ. ಒಪ್ಪಿದ ಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಂದೆರಡು ವಾರ ಹಿಡಿದರೂ ಚಿಂತೆಯಿಲ್ಲ. ವರ್ಷಗಳಿಂದ ತಿಂದ ಆಹಾರವನ್ನು ಇನ್ನೊಂದು ವಾರ ತಿನ್ನುವುದರಿಂದ ಆಗುವ ಹಾನಿಗಿಂತ ಉಪವಾಸದಿಂದ ಆಗುವ ಹಾನಿ ದೊಡ್ಡದು. ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ಪರಿಮಳ ಏಳುತ್ತದೆ. ಒಂದು ಚೂರು ಪೇರ್ ಹಣ್ಣನ್ನು ಅದರಲ್ಲಿ ಅದ್ದಿ ಕೈಯಿಂದ ಕೊಟ್ಟು ನೋಡಿ.

ಈ ಬದಲಾವಣೆ ಮುಗಿಯುವವರೆಗೆ ದಿನವೂ ಬೆಳಿಗ್ಗೆ ಆಹಾರ ಕೊಡುವ ಮುನ್ನ ಎರಡನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತಕ್ಕಡಿಯ ಮೇಲೆ ಒಂದು ಸಣ್ಣ ಕೊಂಬೆಯನ್ನು ನಿಲ್ಲಿಸಿದರೆ ಹತ್ತಿ ಕೂರಲು ಬೇಗ ಕಲಿಯುತ್ತವೆ. ರೇನ್‌ಬೋ ಲೋರಿಕೀಟ್ ಸಾಮಾನ್ಯವಾಗಿ 100ರಿಂದ 150 ಗ್ರಾಂ ತೂಗುತ್ತದೆ. ನಿಮ್ಮ ಹಕ್ಕಿಯ ಮೊದಲ ದಿನದ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದರೆ ಹೊಸ ಪುಡಿಯ ಪ್ರಯತ್ನವನ್ನು ನಿಲ್ಲಿಸಿ, ಹಳೆಯ ಆಹಾರಕ್ಕೆ ಮರಳಿ, ವೈದ್ಯರಿಗೆ ತೋರಿಸಿ. ಅಲ್ಲಿಗೆ ಹೋಗುವಾಗ ಇದುವರೆಗೆ ಕೊಟ್ಟ ಪುಡಿಯ ಡಬ್ಬಿಯನ್ನೂ ತೂಕದ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಯಕೃತ್ತಿನ ಪರೀಕ್ಷೆ ಬೇಕೇ ಎಂದು ನಿರ್ಧರಿಸಲು ಅವರಿಗೆ ಆ ಎರಡೂ ಬೇಕಾಗುತ್ತವೆ.