ಸೆಕೆಂಡ್‌ಹ್ಯಾಂಡ್ ಇ-ಕ್ಲಾಸಾ, ಹೊಸ ವರ್ಟಸ್ಸಾ? ಸೈಡಿಂದ ಗುದ್ದಿದ್ರೆ ಯಾವ್ದು ತಡ್ಕೊಳತ್ತೆ?

ಗುಬ್ಬಿಗೇಟ್_ಹುಡುಗ

ಎಲ್ರಿಗೂ ನಮಸ್ಕಾರ. ಈ ಸಲ ಅಡಿಕೆ ದುಡ್ಡು ಸ್ವಲ್ಪ ಕೈಗೆ ಬಂದೈತೆ, ಕಾರ್ ಚೇಂಜ್ ಮಾಡೋಣ ಅಂತ ಮನೇಲಿ ಎಲ್ರೂ ಕೂತವ್ರೆ. ಬೆಂಗ್ಳೂರಲ್ಲಿ ಒಬ್ರು ಡೀಲರ್ ಹತ್ರ 2018ರ ಬೆಂಜ್ ಇ-ಕ್ಲಾಸ್ ನೋಡ್ದೆ, ಲಾಂಗ್ ವೀಲ್‌ಬೇಸ್ದು (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಜಾಸ್ತಿ ಇರೋದು), ಮಸ್ತ್ ಐತೆ. ತಮ್ಮ ಮಾತ್ರ ಅದೆಲ್ಲ ಬ್ಯಾಡ, ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಟಾಪ್ ಎಂಡ್ ತಗೊಂಡು ಉಳಿದ ದುಡ್ಡಲ್ಲಿ ಬೋರ್‌ವೆಲ್ ಹಾಕ್ಸು ಅಂತಾನೆ.

ನನ್ ಡೌಟು ಮೈಲೇಜು ಮೇಂಟೆನೆನ್ಸ್ ಬಗ್ಗೆ ಅಲ್ಲ, ಅದು ಗೊತ್ತಿರೋದೇ. ನಮ್ಮ ತುಮಕೂರು ಕಡೆ ರೋಡಲ್ಲಿ ಮುಂದಿಂದ ಗುದ್ದೋದಕ್ಕಿಂತ ಸೈಡಿಂದ ನುಗ್ಗೋರದೇ ಭಯ, ಡಿವೈಡರ್ ಗ್ಯಾಪ್ ಇದ್ದಲ್ಲೆಲ್ಲ ಟ್ರ್ಯಾಕ್ಟರ್ರು, ಸರ್ವಿಸ್ ರೋಡಿಂದ ಹಾರ್ನೂ ಇಲ್ದೆ ಬರೋ ಜಲ್ಲಿ ಟಿಪ್ಪರ್ರು, ರಿಂಗ್ ರೋಡಂತೂ ಕೇಳ್ಲೇಬೇಡಿ. ಅಪ್ಪ ಯಾವಾಗ್ಲೂ ಹಿಂದೆ ಎಡಗಡೆ ಸೀಟಲ್ಲೇ ಕೂರೋದು, ಎಪ್ಪತ್ತರ ಮೇಲಾಗೈತೆ. ಕ್ರ್ಯಾಶ್ ಟೆಸ್ಟಲ್ಲಿ ಎರಡೂ 5 ಸ್ಟಾರ್ ಅಂತಾರೆ. ಹಾಗಾದ್ರೆ ಸೈಡ್ ಇಂಪ್ಯಾಕ್ಟಲ್ಲಿ ಎರಡೂ ಒಂದೇನಾ?

ಸ್ಪ್ಯಾನರ್_ಸಾಮಿ

ಒಂದೇ ಅಲ್ಲ ಬ್ರದರ್. 5 ಸ್ಟಾರ್ ಅನ್ನೋದು ಯಾವ ಪರೀಕ್ಷೇಲಿ, ಯಾವ ವರ್ಷದ ರೂಲ್ಸಲ್ಲಿ ಬಂತು ಅಂತ ನೋಡ್ಬೇಕು.

ವರ್ಟಸ್‌ಗೆ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ (ಕಾರನ್ನ ಗುದ್ದಿಸಿ ನೋಡಿ ಸ್ಟಾರ್ ಕೊಡೋ ಸಂಸ್ಥೆ) 5 ಸ್ಟಾರ್ ಕೊಡ್ತು. ಅಲ್ಲಿ ಸೈಡಿಂದ ಗುದ್ದೋ ಟ್ರಾಲಿ 950 ಕೆಜಿ, ಸ್ಪೀಡು 50 ಕಿ.ಮೀ. ನಮ್ಮ ಭಾರತ್ ಎನ್‌ಕ್ಯಾಪ್‌ದೂ ಹೆಚ್ಚುಕಮ್ಮಿ ಅದೇ ಲೆಕ್ಕ. ಆ ಇ-ಕ್ಲಾಸ್‌ಗೆ ಯೂರೋ ಎನ್‌ಕ್ಯಾಪ್ 5 ಸ್ಟಾರ್ ಬಂದಿದ್ದು 2016ರಲ್ಲಿ, ಅಲ್ಲಿ ಟ್ರಾಲಿ 1300 ಕೆಜಿ. ಅವ್ರೇ 2020ರಿಂದ 1400 ಕೆಜಿ, 60 ಕಿ.ಮೀ. ಅಂತ ಟೈಟ್ ಮಾಡಿದ್ರು. ಅಮೆರಿಕದ ಐಐಎಚ್‌ಎಸ್ (ಇನ್ಶೂರೆನ್ಸ್ ಕಂಪ್ನಿಗಳ ಕ್ರ್ಯಾಶ್ ಟೆಸ್ಟ್ ಸಂಸ್ಥೆ) 2021ರಲ್ಲಿ ತಂದ ಹೊಸ ಟೆಸ್ಟಲ್ಲಂತೂ 1900 ಕೆಜಿ, 60 ಕಿ.ಮೀ. ಲೆಕ್ಕ ಹಾಕಿ ನೋಡಿ, ನಮ್ಮ ಟೆಸ್ಟಿನ ಹತ್ತತ್ರ ಮೂರು ಪಟ್ಟು ಎನರ್ಜಿ. ಇನ್ನೊಂದು ವಿಷ್ಯ, ಐಐಎಚ್‌ಎಸ್‌ನವ್ರು ಡ್ರೈವರ್ ಹಿಂದಿನ ಸೀಟಲ್ಲೂ ಡಮ್ಮಿ (ಮನುಷ್ಯನ ಥರದ ಗೊಂಬೆ) ಕೂರಿಸ್ತಾರೆ. ನಮ್ಮಲ್ಲಿ ಹಿಂದೆ ಇರೋದು ಮಕ್ಕಳ ಡಮ್ಮಿ, ಅಂದ್ರೆ ನಿಮ್ಮ ತಂದೆ ಕೂರೋ ಜಾಗದಲ್ಲಿ ದೊಡ್ಡವ್ರಿಗೆ ಏನಾಗುತ್ತೆ ಅಂತ ಆ ಸ್ಟಾರ್ ಹೇಳೋದೇ ಇಲ್ಲ.

ಸೈಡಲ್ಲಿ ಕಷ್ಟ ಏನಂದ್ರೆ ಜಾಗಾನೇ ಇಲ್ಲ. ಮುಂದೆ ಬಾನೆಟ್ಟು, ಇಂಜಿನ್ನು ಎಲ್ಲ ಮುದುಡ್ಕೊಂಡು ಏಟು ತಿನ್ನುತ್ತೆ. ಸೈಡಲ್ಲಿ ಡೋರ್ ತಗಡಿಗೂ ನಿಮ್ಮ ಪಕ್ಕೆಲುಬಿಗೂ ಮಧ್ಯ ಒಂದು ಗೇಣು, ಅಷ್ಟೇ. ಅದಕ್ಕೇ ಸೈಡ್ ಏರ್‌ಬ್ಯಾಗ್ 10-20 ಮಿಲಿಸೆಕೆಂಡಲ್ಲಿ ಉಬ್ಬಿ ಮುಗಿದಿರ್ಬೇಕು. ಬಿ-ಪಿಲ್ಲರ್ (ಮುಂದಿನ ಡೋರಿಗೂ ಹಿಂದಿನ ಡೋರಿಗೂ ಮಧ್ಯದ ಕಂಬ) ಒಳಗಡೆ ಮಡಚ್ಕೊಂಡ್ರೆ ಏರ್‌ಬ್ಯಾಗ್ ಇದ್ರೂ ಪ್ರಯೋಜನ ಕಮ್ಮಿ. ವೋಲ್ವೋದವ್ರು ಇದನ್ನ ಮೊದಲೇ ತಲೆಗೆ ಹಚ್ಕೊಂಡಿದ್ರು. 1991ರಲ್ಲಿ 850 ಮಾಡೆಲ್‌ಗೆ ಏಟನ್ನ ಸೀಟು, ಫ್ಲೋರು, ರೂಫಿಗೆ ಹಂಚೋ ಬಾಡಿ ಕಟ್ಟಿದ್ರು, 1994ರಲ್ಲಿ ಅದೇ ಕಾರಿಗೆ ಸೈಡ್ ಏರ್‌ಬ್ಯಾಗ್, 1998ರ ಎಸ್80ಗೆ ಕಿಟಕಿ ಉದ್ದಕ್ಕೂ ಇಳಿಯೋ ಕರ್ಟನ್ ಏರ್‌ಬ್ಯಾಗ್. ಈಗ ಆಡಿ ಎ8 ಥರದ್ರಲ್ಲಿ ಇನ್ನೂ ಮಜಾ, ಸೈಡಿಂದ ಗಾಡಿ ಬರೋದು ಸೆನ್ಸರ್‌ಗೆ ಗೊತ್ತಾದ್ರೆ ಸಸ್ಪೆನ್ಷನ್ನೇ ಆ ಕಡೆ ಬಾಡೀನ 80 ಮಿ.ಮೀ.ವರೆಗೂ ಎತ್ತುತ್ತೆ, ಏಟು ಡೋರಿಗೆ ಬೀಳೋ ಬದ್ಲು ಅದರ ಕೆಳಗಿನ ಗಟ್ಟಿ ಸಿಲ್‌ಗೆ (ಡೋರಿನ ಹೊಸ್ತಿಲಿಗೆ) ಬೀಳ್ಲಿ ಅಂತ. ನೀವು ನೋಡಿರೋ ಬೆಂಜಲ್ಲಿ ಇದಿಲ್ಲ, ಆಸೆ ಇಟ್ಕೋಬೇಡಿ.

ತೂಕದಲ್ಲಿ ಬೆಂಜ್‌ಗೆ ಅಡ್ವಾಂಟೇಜ್ ಇದೆ, ಭಾರದ ಗಾಡಿ ಸೈಡಿಂದ ಗುದ್ದಿಸ್ಕೊಂಡಾಗ ಅಷ್ಟು ಜೋರಾಗಿ ಎಗರಲ್ಲ. ಒಂದೇ ಒಂದು ಕೊಕ್ಕೆ, ಆ 5 ಸ್ಟಾರ್ ಮಾಮೂಲಿ ವೀಲ್‌ಬೇಸ್ ಕಾರಿಂದು. ನಮ್ಮ ಇಂಡಿಯಾ ಮಾಡೆಲ್ 140 ಮಿ.ಮೀ. ಉದ್ದ, ಅದೆಲ್ಲ ಹಿಂದಿನ ಡೋರ್ ಕಡೇನೇ ಸೇರಿರೋದು.

ಕ್ಯಾತ್ಸಂದ್ರ_ಇಡ್ಲಿ

ಟ್ರಾಲಿ ಲೆಕ್ಕ ಎಲ್ಲ ಸರಿ ಗುರೂ, 28 ಟನ್ ಟಿಪ್ಪರ್ ಬಂದ್ರೆ ಯಾವ ಸ್ಟಾರ್ ಏನ್ ಮಾಡತ್ತೆ? 2024ರ ಡಿಸೆಂಬರ್‌ನಲ್ಲಿ ನೆಲಮಂಗಲ ಹತ್ರ ಇದೇ ನಮ್ಮ ಹೈವೇಲಿ ಕಂಟೇನರ್ ಲಾರಿ ವೋಲ್ವೋ ಎಕ್ಸ್‌ಸಿ90 ಮೇಲೆ ಬಿತ್ತಲ್ಲ, ಒಂದೇ ಮನೆಯೋರು ಆರು ಜನ ಹೋದ್ರು. ಅದಕ್ಕಿಂತ ಸೇಫ್ ಗಾಡಿ ಯಾವ್ದೈತೆ? ಸುಮ್ನೆ ವರ್ಟಸ್ ತಗೊಂಡು ನಿಧಾನಕ್ಕೆ ಓಡ್ಸಿ, ಬೋರ್ ಹಾಕ್ಸಿ.

ಸ್ಪ್ಯಾನರ್_ಸಾಮಿ

@ಕ್ಯಾತ್ಸಂದ್ರ_ಇಡ್ಲಿ ಅದು ಮೇಲಿಂದ ಬಿದ್ದ ಭಾರ, ಸೈಡ್ ಇಂಪ್ಯಾಕ್ಟ್ ಅಲ್ಲ, ಯಾವ ಪ್ಯಾಸೆಂಜರ್ ಕಾರನ್ನೂ ಅದಕ್ಕೆ ಕಟ್ಟಿರಲ್ಲ. ಅದನ್ನ ಹಿಡ್ಕೊಂಡು ಎಲ್ಲ ಕಾರೂ ಒಂದೇ ಅಂದ್ರೆ ಹೆಂಗೆ? ಟಿಪ್ಪರ್ ಸೈಡಿಂದ ಗುದ್ದಿದ್ರೂ ಅದರ ಎನರ್ಜಿ ಪೂರ್ತಿ ಕಾರೊಳಗೆ ಬರಲ್ಲ, ಕಾರನ್ನ ತಳ್ಕೊಂಡು ಹೋಗುತ್ತೆ. ಆದ್ರೆ ಅದರ ಬಂಪರ್ ಎತ್ತರ ಜಾಸ್ತಿ, ಸಿಲ್ ಬಿಟ್ಟು ಸೀದಾ ಡೋರ್ ಮಧ್ಯಕ್ಕೋ ಗ್ಲಾಸಿಗೋ ಬರುತ್ತೆ, ಸೆಡಾನ್‌ನಲ್ಲಿ ಕೂತೋರು ತಗ್ಗಲ್ಲಿರ್ತಾರೆ. ಆವಾಗ ಪಿಲ್ಲರ್ರು, ಕರ್ಟನ್ ಏರ್‌ಬ್ಯಾಗು, ಇವೆರಡೇ ತಲೆ ಕಾಯೋದು. ಅದು ಮಾತ್ರ ನಿಜ.

ಅಂತರಸನಹಳ್ಳಿ_ಡೆಂಟರ್

ನಾನು ಬಾಡಿ ಕೆಲ್ಸ ಮಾಡೋನು, ನಂದೊಂದು ಮಾತು. ಬೆಂಜಾ ವರ್ಟಸ್ಸಾ ಅಂತ ಆಮೇಲೆ ಕಿತ್ತಾಡಿ, ಮೊದ್ಲು ಆ ಬೆಂಜ್ ಹಿಂದೆ ಏಟು ತಿಂದಿದ್ಯಾ ನೋಡ್ಕೊಳ್ಳಿ. ಇಂಥ ಗಾಡಿ ಬಿ-ಪಿಲ್ಲರ್ ಒಳಗೆ ಇರೋದು ಹಾಟ್ ಸ್ಟ್ಯಾಂಪಿಂಗ್ ಬೋರಾನ್ ಸ್ಟೀಲು, ಅಂದ್ರೆ ಕಾಯ್ಸಿ ಅಚ್ಚೊತ್ತಿದ ಭಾಳ ಗಟ್ಟಿ ಸ್ಟೀಲು. ಅದನ್ನ ಕಾಯ್ಸಿ ಬಡಿದು ನೇರ ಮಾಡಂಗಿಲ್ಲ, ಬಿಸಿ ಮಾಡಿದ್ರೆ ಗಟ್ಟಿತನಾನೇ ಹೋಗುತ್ತೆ. ಕಂಪ್ನಿ ಹೇಳಿದ ಜಾಗದಲ್ಲೇ ಕಟ್ ಮಾಡಿ ಹೊಸ ಪೀಸ್ ಹಾಕ್ಬೇಕು. ಎಷ್ಟೋ ಕಡೆ ಗ್ಯಾಸ್ ಹಿಡ್ದು ಎಳೆದು, ಪುಟ್ಟಿ ಹಾಕಿ, ಪೇಂಟ್ ಹೊಡ್ದು ಬಿಡ್ತಾರೆ, ಹೊರಗಿಂದ ದೇವ್ರು ಬಂದ್ರೂ ಕಂಡುಹಿಡಿಯಕ್ಕಾಗಲ್ಲ.

ಡೋರ್ ತೆಗ್ದು ಪಿಲ್ಲರ್ ಮೇಲಿನ ರಬ್ಬರ್ ಬೀಡಿಂಗ್ ಎಳೀರಿ. ಒಳಗೆ ಫ್ಯಾಕ್ಟರಿ ಸ್ಪಾಟ್ ವೆಲ್ಡ್ ಗುಂಡಗೆ, ಒಂದೇ ಅಂತರಕ್ಕೆ ಇರುತ್ತೆ. ಗ್ರೈಂಡಿಂಗ್ ಗೆರೆ, ಉಬ್ಬಿದ ಸೀಲೆಂಟು ಕಂಡ್ರೆ ಅಲ್ಲಿಂದಾನೇ ವಾಪಸ್ ಬಸ್ ಹತ್ತಿ. ಸೀಟ್‌ಬೆಲ್ಟ್ ಪೂರ್ತಿ ಎಳೆದ್ರೆ ಬುಡದಲ್ಲಿ ಲೇಬಲ್ ಇರುತ್ತೆ, ಅದರ ಡೇಟು ಗಾಡಿ ಡೇಟಿಗಿಂತ ಈಚೆಗಿದ್ರೆ ಯಾಕೆ ಬದಲಾಯ್ಸಿದ್ರು ಅಂತ ಕೇಳಿ. ಡೋರ್ ಗ್ಲಾಸ್ ಮೇಲಿನ ಡೇಟ್ ಕೋಡೂ ಅಷ್ಟೇ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಆರ್ಬೇಕು, ಹತ್ತಲೇ ಇಲ್ಲ ಅಂದ್ರೆ ಕಿತ್ತಾಕವ್ರೆ. ಒಡೆದೋದ ಏರ್‌ಬ್ಯಾಗ್ ಜಾಗಕ್ಕೆ ರೆಸಿಸ್ಟರ್ (ಏರ್‌ಬ್ಯಾಗ್ ಇದೆ ಅಂತ ಗಾಡಿ ಕಂಪ್ಯೂಟರ್‌ನ ನಂಬಿಸೋ ಸಣ್ಣ ಪಾರ್ಟು) ಕೂರಿಸಿ ಲೈಟ್ ಆರಿಸೋ ಮಹಾನುಭಾವ್ರೂ ಇದಾರೆ, ಅದಕ್ಕೆ ಸ್ಕ್ಯಾನರ್ ಒಂದನ್ನೇ ನಂಬ್ಬೇಡಿ, ಇನ್ಶೂರೆನ್ಸ್ ಕ್ಲೇಮ್ ಹಿಸ್ಟರೀನೂ ತೆಗೆಸಿ.

ಗುಬ್ಬಿಗೇಟ್_ಹುಡುಗ

ಅಣ್ಣಾ ತುಂಬಾ ಥ್ಯಾಂಕ್ಸ್, ಭಾನುವಾರ ಹೋಗಿ ಬೀಡಿಂಗ್ ಎಳೀತೀನಿ, ಡೀಲರ್ ಮುಖ ನೋಡ್ಬೇಕು. ಇನ್ನೊಂದು, ಸೀಟಿಗೆ ಹೊಸ ಲೆದರ್ ಕವರ್ ಹಾಕ್ಸಿ, ಡೋರಲ್ಲಿ ಬೇರೆ ಸ್ಪೀಕರ್ ಕೂರಿಸಿಟ್ಟವ್ರೆ. ಪ್ಲಸ್ ಪಾಯಿಂಟ್ ಅನ್ಕೊಂಡಿದ್ದೆ, ತೊಂದ್ರೆ ಏನಾದ್ರೂ?

ಸ್ಪ್ಯಾನರ್_ಸಾಮಿ

ಎರಡೂ ಮೈನಸ್. ಸೈಡ್ ಏರ್‌ಬ್ಯಾಗ್ ಸೀಟಿನ ಡೋರ್ ಕಡೆ ಹೊಲಿಗೆ ಬಿಚ್ಕೊಂಡು ಆಚೆ ಬರ್ಬೇಕು, ಮೇಲೆ ದಪ್ಪ ಕವರ್ ಬಿಗಿದ್ರೆ ಲೇಟಾಗುತ್ತೆ, ಇಲ್ಲಾ ಬೇರೆ ಕಡೆ ತಿರುಗುತ್ತೆ. ಇನ್ನು ಎಷ್ಟೋ ಕಾರಲ್ಲಿ ಮುಂದಿನ ಡೋರೊಳಗೆ ಪ್ರೆಶರ್ ಸೆನ್ಸರ್ ಇರುತ್ತೆ, ತಗಡು ಒಳಗೆ ನುಗ್ಗಿದಾಗ ಏರೋ ಗಾಳಿ ಒತ್ತಡ ನೋಡಿನೇ ಅದು ಏರ್‌ಬ್ಯಾಗಿಗೆ ಹೇಳೋದು. ಸ್ಪೀಕರ್‌ಗೆ ಅಂತ ತೂತು ಕೊರೆದು, ಒಳಗಿನ ಶೀಟ್ ಹರಿದು ಬಿಟ್ಟಿದ್ರೆ ಗಾಳಿ ಸೋರುತ್ತೆ. ಕವರ್ ಕಿತ್ತಾಕ್ಸಿ, ಡೋರ್ ಪ್ಯಾಡ್ ಬಿಚ್ಚಿ ತೋರ್ಸು ಅನ್ನಿ. ಹಿಂದಿನ ಸೀಟಿಗೆ ಸೈಡ್ ಏರ್‌ಬ್ಯಾಗ್ ಎಲ್ಲ ಕಾರಲ್ಲೂ ಬಂದಿರಲ್ಲ, ಅದನ್ನ ಛಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಲ್ಲಿ ಕೇಳಿ.

ಅಂತರಸನಹಳ್ಳಿ_ಡೆಂಟರ್

ಪ್ಯಾಡ್ ಬಿಚ್ಚಲ್ಲ ಅಂದ್ರೆ ಅಡ್ವಾನ್ಸ್ ಕೊಡ್ಬೇಡಿ. ಅಪ್ಪಂಗೆ ಹಿಂದೆ ಬೆಲ್ಟ್ ಹಾಕೋ ಅಭ್ಯಾಸ ಐತಾ?

ಗುಬ್ಬಿಗೇಟ್_ಹುಡುಗ

ಇಲ್ಲ ಅಣ್ಣ, ಪಂಚೆ ಮುದುರುತ್ತೆ ಅಂತಾರೆ 😅